ರೋಹಿಣಿ ಮಳೆಗೆ ಮೊದಲು ವಾಚನಾಲಯದ ಚಾವಣಿ ನಿಲ್ಲಿಸಬೇಕು

ಮಾನ್ಯ ದಾನಿಗಳಿಗೂ, ಊರು ಬಿಟ್ಟು ದೂರ ನೆಲೆಸಿರುವ ನಮ್ಮ ಹಳೆಯ ಓದುಗರಿಗೂ ಶರಣು ಶರಣಾರ್ಥಿ.

ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವಪ್ಪನವರ ಹೆಸರಿನ ನಮ್ಮ ವಾಚನಾಲಯವನ್ನು ತಮಗೆ ಹೊಸದಾಗಿ ಪರಿಚಯಿಸಬೇಕಿಲ್ಲ. ಹೋದ ಮಳೆಗಾಲದಲ್ಲಿ ಅದರ ನಡುತೊಲೆ ಬಾಗಿ, ಹಿಂಬದಿಯ ಹಂಚು ಜಾರಿ, ಒಂದೇ ರಾತ್ರಿಯಲ್ಲಿ ಎರಡು ಕಪಾಟು ನೆನೆದವು. ಕಾದಂಬರಿಗಳು ಹೋದದ್ದಕ್ಕೆ ಅಷ್ಟು ಸಂಕಟವಿಲ್ಲ, ಮತ್ತೆ ಕೊಳ್ಳಬಹುದು. ಆದರೆ ಅವುಗಳ ಜೊತೆ ಹನ್ನೊಂದು ನೋಟ್‌ಬುಕ್ಕುಗಳಿದ್ದವು. 1942ರಲ್ಲಿ ಜೈಲು ಕಂಡ ಸುತ್ತಲಿನ ಹಿರಿಯರು ಬದುಕಿದ್ದಾಗ ಅವರ ಬಾಯಿಂದ ಕೇಳಿ ಬರೆದುಕೊಂಡವು. ಯಾವ ಮನೆಯ ತಾಯಿ ಸರಿರಾತ್ರಿ ರೊಟ್ಟಿ ಬಡಿದು ತಲೆಮರೆಸಿಕೊಂಡವರಿಗೆ ಬುತ್ತಿ ಕಟ್ಟಿಕೊಟ್ಟಳು ಎಂಬಂಥ ಸಂಗತಿ ಬೇರೆಲ್ಲಿ ಸಿಗುತ್ತದೆ? ಏಳನ್ನು ನೆರಳಲ್ಲಿ ಒಣಗಿಸಿ ಉಳಿಸಿಕೊಂಡಿದ್ದೇವೆ. ನಾಲ್ಕರಲ್ಲಿ ಶಾಯಿ ಹರಡಿ ಅಕ್ಷರವೇ ಇಲ್ಲ. ಹೇಳಿದ ಹಿರಿಯರಲ್ಲಿ ಒಬ್ಬರೂ ಈಗಿಲ್ಲ.

ಮೋಟೆಬೆನ್ನೂರಿನ ಹುಡುಗ ಮಹಾದೇವಪ್ಪ ಹದಿನೆಂಟನೇ ವಯಸ್ಸಿಗೆ, 1930ರ ಮಾರ್ಚ್ 12ರಂದು, ಸಾಬರಮತಿಯಿಂದ ಗಾಂಧೀಜಿಯ ಜೊತೆ ದಂಡಿಗೆ ಹೊರಟದ್ದು, ಆ ತಂಡದಲ್ಲಿ ಕರ್ನಾಟಕದವರೆಂದರೆ ಅವರೊಬ್ಬರೇ ಇದ್ದದ್ದು, ಪತ್ನಿ ಸಿದ್ಧಮ್ಮನವರೂ ಸೆರೆಮನೆ ಸೇರಿದ್ದು ನಮ್ಮಲ್ಲಿ ಓದುವ ಮಕ್ಕಳಿಗೆ ಬಾಯಿಪಾಠ. 1943ರ ಏಪ್ರಿಲ್ 1ರಂದು ಹೊಸರಿತ್ತಿಯ ವೀರಭದ್ರ ದೇವಸ್ಥಾನದಲ್ಲಿ ಇಟ್ಟಿದ್ದ ಕಂದಾಯದ ಹಣ ಕಿತ್ತುಕೊಳ್ಳಲು ಹೋಗಿ ಪೊಲೀಸರ ಗುಂಡಿಗೆ ಬಿದ್ದಾಗ ಅವರಿಗೆ ಮೂವತ್ತೆರಡು ತುಂಬಿರಲಿಲ್ಲ. ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಅವರೂ ಅಲ್ಲೇ ಪ್ರಾಣ ಕೊಟ್ಟರು. ಮಹಾದೇವಪ್ಪನವರ ಹೆಸರು ಹಾವೇರಿಯ ರೈಲು ನಿಲ್ದಾಣಕ್ಕಿದೆ, ಒಳ್ಳೆಯದೇ. ಉಳಿದಿಬ್ಬರ ಹೆಸರು ಕೇಳಿದರೆ ತಡವರಿಸುವವರೇ ಹೆಚ್ಚು. ನಮ್ಮ ಗೋಡೆಯ ಮೇಲೆ ಮಾತ್ರ ಮೂರೂ ಹೆಸರು ಒಂದೇ ಅಳತೆಯ ಅಕ್ಷರದಲ್ಲಿವೆ. ಪ್ರತಿ ಏಪ್ರಿಲ್ 1ಕ್ಕೆ ಮಕ್ಕಳನ್ನು ಹೊಸರಿತ್ತಿಗೆ ಕರೆದೊಯ್ಯುವುದನ್ನು ಕೊರೊನಾದ ಎರಡು ವರ್ಷ ಬಿಟ್ಟರೆ ಒಮ್ಮೆಯೂ ತಪ್ಪಿಸಿಲ್ಲ.

ನಮ್ಮನ್ನು ನಾವೇ ಹೊಗಳಿಕೊಂಡದ್ದು ಉದ್ದವಾಯಿತು. ಈಗ ಸಂಜೆ ಓದಲು ಬರುವವರು ಮೂವತ್ತಕ್ಕೂ ಹೆಚ್ಚು ಮಂದಿ, ಹೆಚ್ಚಿನವರು ಹೆಣ್ಣುಮಕ್ಕಳು. ತಾಯಂದಿರು ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತುಂಬು (ತೊಟ್ಟು) ಬಿಡಿಸಲು ಹೋಗುತ್ತಾರೆ. ಮನೆಯಲ್ಲಿ ಆ ಘಾಟಿಗೆ ಕೆಮ್ಮದೆ ಕೂತು ಓದಲಾಗದು ಎಂದು ಇಲ್ಲಿಗೆ ಬರುವ ಮಕ್ಕಳೂ ಇದ್ದಾರೆ. ಸದ್ಯ ಮುಂದಿನ ಪಡಸಾಲೆಯಲ್ಲಿ ಒತ್ತೊತ್ತಾಗಿ ಕೂರಿಸಿದ್ದೇವೆ. ಹಿಂದಿನ ಕೋಣೆಗೆ ಬೀಗ.

ತೊಲೆ, ಜಂತಿ, ಹಂಚು, ಕೂಲಿ ಎಲ್ಲ ಸೇರಿ ನಾಲ್ಕೂವರೆ ಲಕ್ಷದ ಆಸುಪಾಸು ಆದೀತು ಎನ್ನುತ್ತಾರೆ ಬಡಿಗೇರರು. ಕೈಯಲ್ಲಿ ಒಂದೂಕಾಲು ಲಕ್ಷವಿದೆ. ತಗಡು ಹೊದಿಸಿದರೆ ಅರ್ಧಕ್ಕೆ ಮುಗಿಯುತ್ತದೆ ಎಂದವರುಂಟು. ಆದರೆ ತಗಡಿನ ಕೆಳಗೆ ಮಳೆಗಾಲದಲ್ಲಿ ಮಾತು ಕೇಳಿಸದು, ಬೇಸಿಗೆಯಲ್ಲಿ ಕೂರಲಾಗದು. ಮೇ ಕೊನೆಗೆ ರೋಹಿಣಿ ಮಳೆ ಹಿಡಿಯುತ್ತದೆ. ಅಷ್ಟರಲ್ಲಿ ಹಂಚು ಏರಬೇಕು, ಅಂದರೆ ಮರಕ್ಕೆ ಮುಂಗಡವನ್ನು ಈ ತಿಂಗಳೇ ಕೊಡಬೇಕು.

ಹಣವೇ ಆಗಬೇಕೆಂದಿಲ್ಲ. ಹಳೆಯ ಮನೆ ಕೆಡವುತ್ತಿರುವವರು ಗಟ್ಟಿ ಸಾಗುವಾನಿ ತೊಲೆ ಕೊಟ್ಟರೆ ನಾವೇ ಬಂದು ಒಯ್ಯುತ್ತೇವೆ. ನೂರು ರೂಪಾಯಿಗೂ ರಸೀದಿ ಉಂಟು. ತೆರಿಗೆ ವಿನಾಯಿತಿಯ ಪತ್ರ ಇನ್ನೂ ನಮ್ಮ ಕೈಸೇರಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇವೆ. ಬರುವವರು ಸಂಜೆ ಐದರ ಮೇಲೆ ಬನ್ನಿ, ಉಳಿದ ಏಳು ನೋಟ್‌ಬುಕ್ಕುಗಳನ್ನೂ ತೋರಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ವಾಚನಾಲಯದ ಟ್ರಸ್ಟಿಗಳು