ಹಿನ್ನೀರಿನಿಂದ ಮೇಲೆ ಬಂದ ಚರ್ಚಿಗೆ ಒಂದು ಸೂರು ಬೇಕಾಗಿದೆ

ಪ್ರಭು ಯೇಸುವಿನಲ್ಲಿ ಪ್ರೀತಿಯ ಬಂಧುಗಳೇ, ಕೆಲಸಕ್ಕಾಗಿ ಊರು ಬಿಟ್ಟು ದೂರದಲ್ಲಿರುವ ನಮ್ಮ ಮಕ್ಕಳೇ, ಕಷ್ಟಸುಖಕ್ಕೆ ಆಗುವ ನೆರೆಹೊರೆಯವರೇ,

ಶೆಟ್ಟಿಹಳ್ಳಿ ಚರ್ಚಿನ ಫೋಟೊ ನೀವು ನೋಡೇ ಇರುತ್ತೀರಿ. ಹಾಸನದ ಹತ್ತಿರ, ಹೇಮಾವತಿ ಹಿನ್ನೀರಿನಲ್ಲಿ ಸೂರಿಲ್ಲದೆ ನಿಂತಿರುವ ಜಪಮಾಲೆ ಮಾತೆಯ ದೇವಾಲಯ. ಜಲಾಶಯ ತುಂಬಿದರೆ ಗೋಡೆಗಳ ಮೇಲ್ಭಾಗ ಮಾತ್ರ ಕಾಣುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಕಮಾನುಗಳ ಕೆಳಗೆ ನಡೆದುಕೊಂಡೇ ಹೋಗಬಹುದು. ಎಲ್ಲೆಲ್ಲಿಂದಲೋ ಜನ ನೋಡಲು ಬರುತ್ತಾರೆ. ‘ಪಾಪ, ಸತ್ತುಹೋದ ಚರ್ಚು’ ಅನ್ನುತ್ತಾರೆ. ಆ ಮಾತು ಕೇಳಿದಾಗ ನಮಗೆ ಸಂಕಟವಾಗುತ್ತದೆ. ಮುಳುಗಿದ್ದು ಕಟ್ಟಡ. ಅಲ್ಲಿ ಪೂಜೆಗೆ ಮೊಣಕಾಲೂರುತ್ತಿದ್ದವರ ಮಕ್ಕಳು, ಮೊಮ್ಮಕ್ಕಳು ನಾವು ಇದ್ದೇವೆ, ನೀರು ಮುಟ್ಟದ ಜಾಗದಲ್ಲಿ.

ಈ ಸೀಮೆಯಲ್ಲಿ ಕ್ರೈಸ್ತರು ನೆಲೆಯಾದ ಕಥೆ ಹಳೆಯದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಫ್ರಾನ್ಸಿನ ಪಾದ್ರಿ ಅಬ್ಬೆ ದುಬ್ವಾ ಮೈಸೂರು ಸೀಮೆಗೆ ಬಂದರು. ಇಲ್ಲಿಯವರ ಹಾಗೇ ಉಟ್ಟು, ಇಲ್ಲಿಯವರ ಹಾಗೇ ಉಂಡು ಬದುಕಿದ ಅವರನ್ನು ಜನ ದೊಡ್ಡಸ್ವಾಮಿ ಅಂತ ಕರೆದರು. ಸಿಡುಬು ಊರೂರನ್ನೇ ಗುಡಿಸಿಹಾಕುತ್ತಿದ್ದ ಕಾಲ ಅದು. 1803-04ರಲ್ಲಿ ಅವರ ಮುಂದಾಳತ್ವದಲ್ಲಿ 25,432 ಜನಕ್ಕೆ ಸಿಡುಬಿನ ಲಸಿಕೆ ಹಾಕಲಾಯಿತು. ದಿಕ್ಕಿಲ್ಲದ ಕುಟುಂಬಗಳನ್ನು ಹಾಸನದ ಹತ್ತಿರ ಬೇಸಾಯಕ್ಕೂ ಹಚ್ಚಿದರು. ಹೊಟ್ಟೆಗೆ ಅನ್ನ, ಕೈಗೆ ಕೆಲಸ ಕೊಟ್ಟು ಆಮೇಲೆ ಗುಡಿ ಕಟ್ಟುವ ಮಾತು. ಅವರು ಹಿಡಿದ ಈ ದಾರಿಯನ್ನು ನಾವು ಈಗಲೂ ಹೆಮ್ಮೆಯಿಂದ ನೆನೆಯುತ್ತೇವೆ.

ಶೆಟ್ಟಿಹಳ್ಳಿಯ ದೊಡ್ಡ ದೇವಾಲಯ ಎದ್ದಿದ್ದು ಆಮೇಲೆ, 1860ರ ಸುಮಾರಿಗೆ, ಫ್ರೆಂಚ್ ಮಿಷನರಿಗಳ ಕಾಲದಲ್ಲಿ. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರು ಅಂತ ಹಿರಿಯರು ಹೇಳುತ್ತಾರೆ. ಇಷ್ಟು ವರ್ಷ ನೀರಿನಲ್ಲಿ ನೆನೆದು, ಬಿಸಿಲಿನಲ್ಲಿ ಒಣಗಿ, ಮತ್ತೆ ನೆನೆದೂ ಆ ಗೋಡೆ ನಿಂತಿದೆ ಅಂದರೆ ಕಟ್ಟಿದವರ ಕೈ ಎಂಥದ್ದು ನೋಡಿ. ಹೇಮಾವತಿಗೆ ಅಡ್ಡಲಾಗಿ ಗೊರೂರಿನಲ್ಲಿ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿಯಿತು. ಹೊಲ, ಮನೆ, ಸಮಾಧಿ ಎಲ್ಲ ಬಿಟ್ಟು ನಮ್ಮವರು ಮೇಲೆ ಬಂದರು. ಆ ನೀರಿನಿಂದ ಸಾವಿರಾರು ರೈತರ ಹೊಲ ಹಸಿರಾಗಿದೆ, ಅದಕ್ಕೆ ನಮಗೆ ಸಂತೋಷವೇ ಇದೆ.

ಮೇಲೆ ಬಂದವರು ಎಲ್ಲವನ್ನೂ ಹೊಸದಾಗಿ ಶುರು ಮಾಡಬೇಕಾಯಿತು. ಒಂದು ಶೀಟಿನ ಶೆಡ್ಡು, ಮರದ ಪೀಠ, ಒಂದು ಶಿಲುಬೆ. ಜೊತೆಗೆ ಒಂದು ಜ್ಞಾನಸ್ನಾನದ, ಅಂದರೆ ಮಗುವನ್ನು ಧರ್ಮಸಭೆಗೆ ಸೇರಿಸುವ ವಿಧಿಯ, ರಿಜಿಸ್ಟರು. ಹೊರಗಿನವರಿಗೆ ಅದು ಸುಮ್ನೆ ಒಂದು ಲೆಕ್ಕದ ಪುಸ್ತಕ. ನಮಗೆ ಅದೇ ಊರು. ಮಗುವಿನ ಹೆಸರು, ತಂದೆ ತಾಯಿ, ಜ್ಞಾನತಂದೆ, ಜ್ಞಾನತಾಯಿ, ಕೆಳಗೆ ಸ್ವಾಮಿಗಳ ಸಹಿ. ಆ ಮಗು ದೊಡ್ಡವಳಾಗಿ ಬೆಂಗಳೂರಿನಲ್ಲೋ ದುಬೈಯಲ್ಲೋ ಮದುವೆಯಾದರೆ, ಅಲ್ಲಿನ ಚರ್ಚಿನಿಂದ ಇಲ್ಲಿಗೆ ಸುದ್ದಿ ಬರುತ್ತದೆ. ಅದೇ ಹೆಸರಿನ ಪಕ್ಕದ ಅಂಚಿನಲ್ಲಿ ಮದುವೆಯ ತಾರೀಖು ಬರೆಯುತ್ತೇವೆ. ಎಷ್ಟು ದೂರ ಹೋದರೂ ನಿಮ್ಮ ಹೆಸರಿನ ಮುಂದೆ ಇನ್ನೊಂದು ಸಾಲು ಬರೆಯಲು ಜಾಗ ಇಲ್ಲೇ ಇದೆ.

ಕಳೆದ ಮಳೆಗಾಲದಲ್ಲಿ ಆ ರಿಜಿಸ್ಟರ್ ಇಟ್ಟಿದ್ದ ಬೀರುವಿನೊಳಗೇ ನೀರು ಹೋಯಿತು. ಶೀಟು ತುಕ್ಕು ಹಿಡಿದು ಜರಡಿಯಾಗಿದೆ. ಹಾಳೆಗಳನ್ನು ಹೆಣ್ಣುಮಕ್ಕಳು ಒಂದೊಂದಾಗಿ ಬಿಡಿಸಿ, ಬಟ್ಟೆ ಹಾಸಿ, ಫ್ಯಾನಿನ ಕೆಳಗೆ ಒಣಗಿಸಿದರು. ಕೆಲವು ಅಂಚುಗಳಲ್ಲಿ ಶಾಯಿ ಹರಡಿಬಿಟ್ಟಿದೆ. ಒಂದು ಸಲ ನೀರಿಗೆ ಎಲ್ಲ ಕೊಟ್ಟು ಬಂದವರು ನಾವು. ಇನ್ನೊಂದು ಸಲ ಕೊಡುವ ಶಕ್ತಿ ಇಲ್ಲ.

ಗೋಡೆಯ ಕೆಲಸ ಲಿಂಟಲ್ ಮಟ್ಟಕ್ಕೆ ಬಂದಿದೆ. ಅದಕ್ಕೆ ಊರಿನವರೇ ದುಡ್ಡು ಹಾಕಿದ್ದಾರೆ. ರಾಗಿ ಮಾರಿದ ಹಣದಲ್ಲಿ ಒಂದು ಪಾಲು ಎತ್ತಿಟ್ಟವರಿದ್ದಾರೆ. ಗಾರೆ ಕೆಲಸದವರು ಭಾನುವಾರ ಪೂಜೆ ಮುಗಿಸಿ, ಕೂಲಿ ಇಲ್ಲದೆ ದುಡಿದಿದ್ದಾರೆ. ಪಕ್ಕದ ಊರಿನ ಗೌಡರೊಬ್ಬರು ಟ್ರ್ಯಾಕ್ಟರಿನಲ್ಲಿ ಮರಳು ಹೊಡೆಸಿ, ಬಾಡಿಗೆ ಬೇಡ ಅಂದರು. ಈಗ ಉಳಿದಿರುವುದು ಮೋಲ್ಡು, ಕಿಟಕಿ ಬಾಗಿಲು, ರಿಜಿಸ್ಟರುಗಳಿಗೆ ಒಂದು ಒಣ ಕೋಣೆ. ಇಷ್ಟನ್ನು ನಮ್ಮೊಬ್ಬರ ಕೈಲಿ ಎತ್ತಲು ಆಗುತ್ತಿಲ್ಲ. ಗೋಪುರ, ಗ್ರಾನೈಟು ನಾವು ಕೇಳುತ್ತಿಲ್ಲ. ಮಳೆ ಬಂದಾಗ ಅಜ್ಜಿಯರು ಕೊಡೆ ಹಿಡಿದುಕೊಂಡು ಜಪಮಾಲೆ ಹೇಳುವುದು ನಿಂತರೆ ಸಾಕು.

ನಿಮ್ಮ ಕೈಲಾದಷ್ಟು ಕೊಡಿ. ಒಂದು ಮೂಟೆ ಸಿಮೆಂಟಿನ ದುಡ್ಡಾದರೂ ಸರಿ, ಒಂದು ಕಿಟಕಿಯದ್ದಾದರೂ ಸರಿ. ಕಬ್ಬಿಣ, ಜಲ್ಲಿ ಕೊಡುವವರು ಸಾಮಾನನ್ನೇ ಕಳಿಸಬಹುದು. ಚರ್ಚಿನ ಕಚೇರಿಯಲ್ಲಿ ಪ್ರತಿ ರೂಪಾಯಿಗೂ ರಸೀದಿ ಕೊಡುತ್ತೇವೆ. ಪ್ರತಿ ತಿಂಗಳ ಮೊದಲ ಭಾನುವಾರ ಖರ್ಚಿನ ಲೆಕ್ಕವನ್ನು ಪೂಜೆಯ ನಂತರ ಓದಿ, ಬಾಗಿಲ ಬಳಿ ಅಂಟಿಸುತ್ತೇವೆ. ತೀರಿಕೊಂಡ ನಿಮ್ಮ ಹಿರಿಯರ ಹೆಸರು ಬರೆದು ಕಳಿಸಿ, ನವೆಂಬರಿನ ಸಕಲ ಮೃತರ ದಿನದ ಪೂಜೆಯಲ್ಲಿ ಆ ಹೆಸರುಗಳನ್ನು ಓದಿಸುತ್ತೇವೆ.

ಇನ್ನೊಂದು ಮಾತು. ಹಳೇ ದೇವಾಲಯದಲ್ಲಿ ತೆಗೆದ ಮದುವೆ ಫೋಟೊ, ಹಬ್ಬದ ಫೋಟೊ ನಿಮ್ಮ ಮನೆಯ ಟ್ರಂಕಿನಲ್ಲಿ ಇದ್ದರೆ ದಯವಿಟ್ಟು ಹುಡುಕಿ. ಪ್ರತಿ ಮಾಡಿಸಿಕೊಂಡು ಮೂಲವನ್ನು ನಿಮಗೇ ವಾಪಸ್ ಕಳಿಸುತ್ತೇವೆ. ಮೋಲ್ಡಿನ ಕೆಲಸ ಮುಂದಿನ ಮುಂಗಾರಿಗೆ ಮುಂಚೆ ಮುಗಿಯಬೇಕು. ಹಾಗಾಗಿ ಕೊಡುವ ಮನಸ್ಸಿದ್ದವರು ಈಸ್ಟರ್ ಒಳಗೆ ತಿಳಿಸಿದರೆ ಮೇಸ್ತ್ರಿಗೆ ಮುಂಗಡ ಕೊಡಲು ಅನುಕೂಲವಾಗುತ್ತದೆ.

ಇಂತಿ,
ಧರ್ಮಕೇಂದ್ರದ ಗುರುಗಳು ಮತ್ತು ಕಟ್ಟಡ ಸಮಿತಿ