ಘಾಟಿ ರಸ್ತೆ ಉಳಿಯಬೇಕಾದರೆ ಹುಡುಗರಿಗೆ ಒಂದು ಅಂಗಳ ಕೊಡಿ

ಮಾನ್ಯ ಸಂಪಾದಕರೇ,

ಮುಳ್ಳಯ್ಯನಗಿರಿ ರಸ್ತೆಯಲ್ಲಿ ಕಾರನ್ನು ಅಡ್ಡಡ್ಡ ಜಾರಿಸಿ ವಿಡಿಯೊ ಮಾಡಿಕೊಂಡ ಹುಡುಗರ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಅದರ ಬಗ್ಗೆ ವಾಚಕರೊಬ್ಬರು ಬರೆದ ಪತ್ರವನ್ನೂ ಓದಿದೆ. ಹುಡುಗರಿಗೆ ದಂಡ ಹಾಕಿದ್ದು ಸರಿ, ಅದರಲ್ಲಿ ನನ್ನ ತಕರಾರೇನೂ ಇಲ್ಲ. ಆ ರಸ್ತೆಯ ಒಂದು ಪಕ್ಕ ಧರೆ, ಇನ್ನೊಂದು ಪಕ್ಕ ಪ್ರಪಾತ, ಎದುರಿಗೆ ಮಕ್ಕಳುಮರಿ ಕೂರಿಸಿಕೊಂಡು ಬರುವ ಪ್ರವಾಸಿಗರ ಗಾಡಿ. ಅಲ್ಲಿ ಆಟ ಆಡುವವನಿಗೆ ಬುದ್ಧಿ ಇಲ್ಲ ಅಂತಲೇ ಲೆಕ್ಕ. ಆದರೆ ಪತ್ರ ಬರೆದ ಹಿರಿಯರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಡ್ರಿಫ್ಟಿಂಗು, ರ‍್ಯಾಲಿ, ಆಟೊಕ್ರಾಸು, ಹೀಗೆ ಕಾರಿನ ಆಟಗಳೆಲ್ಲವೂ ಒಂದೇ, ಎಲ್ಲವನ್ನೂ ಜಿಲ್ಲೆಯಿಂದಲೇ ಓಡಿಸಬೇಕು ಅಂದುಬಿಟ್ಟರು. ಅದಕ್ಕೇ ಈ ಪತ್ರ.

ನಾನು ಆಲ್ದೂರು ಕಡೆಯವನು. ತೋಟ ನೋಡಿಕೊಂಡಿದ್ದೇನೆ, ಬಿಡುವಾದಾಗ ಡ್ರಿಫ್ಟಿಂಗ್ ಸ್ಪರ್ಧೆಗೆ ಹೋಗುತ್ತೇನೆ. ಈಚೆಗೆ ಶುರು ಮಾಡಿದವನು, ಕಪ್ಪು ಗಿಪ್ಪು ಏನೂ ಬಂದಿಲ್ಲ. ಹಾಗಾಗಿ ಇದನ್ನು ಪಂಡಿತನ ಮಾತು ಅಂತ ತಗೋಬೇಡಿ.

ಮೊದಲಿಗೆ, ವಿಡಿಯೊದಲ್ಲಿ ಆ ಹುಡುಗರು ಮಾಡಿದ್ದು ಡ್ರಿಫ್ಟಿಂಗೇ ಅಲ್ಲ. ಡ್ರಿಫ್ಟಿಂಗ್ ಅಂದರೆ ತಿರುವಿನ ಉದ್ದಕ್ಕೂ ಹಿಂದಿನ ಚಕ್ರ ಜಾರಿಸಿಕೊಂಡು, ಆ ಜಾರಿಕೆಯನ್ನು ಹಿಡಿತದಲ್ಲಿಟ್ಟುಕೊಂಡೇ ಗಾಡಿ ಅಡ್ಡಡ್ಡ ಓಡಿಸುವುದು. ಈಗ ನಮ್ಮ ರಸ್ತೆ ಮೇಲೆ ಓಡುವ ಸಣ್ಣ ಕಾರುಗಳಲ್ಲಿ ಹೆಚ್ಚಿನವಕ್ಕೆ ಎಂಜಿನ್ ಬಲ ಹೋಗುವುದು ಮುಂದಿನ ಚಕ್ರಕ್ಕೆ. ಅಂಥ ಕಾರಿನಲ್ಲಿ ತಿರುವಿನಲ್ಲಿ ಹ್ಯಾಂಡ್ ಬ್ರೇಕ್ ಎಳೆದರೆ ಹಿಂದಿನ ಭಾಗ ಒಂದು ಸಲ ಜಾರುತ್ತದೆ, ಅಷ್ಟೇ. ಆ ಜಾರಿಕೆಯನ್ನು ಆಕ್ಸಿಲರೇಟರಿನಲ್ಲಿ ಹಿಡಿದು ನಿಲ್ಲಿಸಿಕೊಳ್ಳಲು ಆಗುವುದಿಲ್ಲ. ಎಳೆದ ಮೇಲೆ ಗಾಡಿ ಎಲ್ಲಿ ನಿಲ್ಲುತ್ತದೆ ಅನ್ನುವುದು ದೇವರಿಗೇ ಬಿಟ್ಟಿದ್ದು. ಡ್ರಿಫ್ಟ್ ಮಾಡಲು ಎಂಜಿನ್ ಬಲ ಹಿಂದಿನ ಚಕ್ರಕ್ಕೆ ಹೋಗುವ ಗಾಡಿ ಬೇಕು. ನಮ್ಮ ಅಪ್ಪಂದಿರ ಕಾಲದ ಅಂಬಾಸಿಡರ್, ಪದ್ಮಿನಿ, ಕಾಂಟೆಸ್ಸಾ, ಓಮ್ನಿ ಎಲ್ಲಾ ಹಾಗೇ ಇದ್ದವು. ಈಗ ಅಂಥ ಕಾರು ಅಂದರೆ ಒಂದೋ ದುಬಾರಿ, ಇಲ್ಲಾ ಹಳೇದು. ನಾನು ಮತ್ತು ನನ್ನ ಚಿಕ್ಕಪ್ಪನ ಮಗ ದುಡ್ಡು ಹಾಕಿ ತಗೊಂಡಿದ್ದು ಒಂದು ಹಳೇ ಬಿಎಂಡಬ್ಲ್ಯು. ಹೆಸರು ಕೇಳಿ ಶ್ರೀಮಂತರು ಅಂದುಕೊಳ್ಳಬೇಡಿ. ಅಷ್ಟು ಹಳೇ ಬಿಎಂಡಬ್ಲ್ಯು ತಗೊಳ್ಳುವುದು ಸುಲಭ, ಸಾಕುವುದು ಕಷ್ಟ.

ಅದಕ್ಕೂ ಮುಂಚೆ ನಾನು ಕಲಿತಿದ್ದು ತೋಟದ ಜಿಪ್ಸಿಯಲ್ಲಿ, ಮಣ್ಣಿನ ಮೇಲೆ ನಡೆಯುವ ಆಟೊಕ್ರಾಸ್ ಸ್ಪರ್ಧೆಯಲ್ಲಿ. ಫೋರ್ ವೀಲ್ ಲಿವರ್ ಹಾಕದಿದ್ದರೆ ಜಿಪ್ಸಿಯೂ ಹಿಂದಿನ ಚಕ್ರದ ಗಾಡಿಯೇ. ಮಣ್ಣು ತುಂಬಾ ಒಳ್ಳೆಯದು. ಜಾರುವ ಮುಂಚೆ ಹೇಳಿ ಜಾರುತ್ತದೆ, ವೇಗ ಕಮ್ಮಿ ಇದ್ದರೂ ಜಾರುತ್ತದೆ, ಸರಿ ಮಾಡಿಕೊಳ್ಳಲು ಟೈಮ್ ಕೊಡುತ್ತದೆ. ಟಾರು ಹಾಗಲ್ಲ. ಟಾರಿನ ಮೇಲೆ ಟೈರು ಕಚ್ಚಿಕೊಂಡೇ ಇರುತ್ತದೆ, ಕಚ್ಚಿಕೊಂಡೇ ಇರುತ್ತದೆ, ಆಮೇಲೆ ಒಂದೇ ಸಲಕ್ಕೆ ಬಿಟ್ಟುಬಿಡುತ್ತದೆ, ನೀವು ಗಾಬರಿಯಾಗಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಮತ್ತೆ ಗಬಕ್ ಅಂತ ಕಚ್ಚಿ ಗಾಡಿಯನ್ನು ಇನ್ನೊಂದು ಪಕ್ಕಕ್ಕೆ ಎಸೆಯುತ್ತದೆ. ಆಗ ಸ್ಟೇರಿಂಗ್ ಏನು ಮಾಡಬೇಕು ಅಂತ ಕೇಳಿದರೆ ಅನುಭವ ಇರುವವರು ಹೇಳುವ ಮಾತು ಒಂದೇ: ಬಿಡು. ನಿಜವಾಗಿಯೂ ಬಿಡಬೇಕು. ಗಾಡಿ ಜಾರಲು ಶುರುವಾದ ಕೂಡಲೇ ಮುಂದಿನ ಚಕ್ರಗಳು ತಾವಾಗಿಯೇ ಗಾಡಿ ಹೋಗುತ್ತಿರುವ ದಿಕ್ಕಿಗೆ ತಿರುಗಿಕೊಳ್ಳುತ್ತವೆ, ಸ್ಟೇರಿಂಗ್ ಗಿರ್ರನೆ ಕೈಯೊಳಗೆ ಸುತ್ತುತ್ತದೆ, ಬೇಕಾದ ಕಡೆ ಬಂದಾಗ ಹಿಡಿದುಕೊಳ್ಳಬೇಕು. ಚಾರ್ಮಾಡಿ ಘಾಟಿಯಲ್ಲಿ ಮಳೆಗಾಲದಲ್ಲಿ ಸ್ಟೇರಿಂಗ್ ಗಟ್ಟಿ ಹಿಡಿದು ಗಾಡಿ ಓಡಿಸಿ ಬೆಳೆದವನಿಗೆ ಇದು ಹೇಗಿರುತ್ತೆ ಹೇಳಿ? ಕೈಗೆ ನಂಬಿಕೆ ಬರುವಷ್ಟರಲ್ಲಿ ಒಂದು ಸೀಸನ್ನೇ ಮುಗಿದಿತ್ತು.

ಇನ್ನು ಡಿಫರೆನ್ಷಿಯಲ್ ಕಥೆ. ಮಾಮೂಲಿ ಗಾಡಿಯಲ್ಲಿ ತಿರುವು ತಗೊಳ್ಳುವಾಗ ಒಳಗಿನ ಚಕ್ರ ನಿಧಾನಕ್ಕೂ ಹೊರಗಿನದು ಜೋರಾಗಿಯೂ ಸುತ್ತಲಿ ಅಂತ ಡಿಫರೆನ್ಷಿಯಲ್ ಇರುತ್ತದೆ. ಡ್ರಿಫ್ಟಿಗೆ ಅದೇ ಶತ್ರು, ಯಾಕೆಂದರೆ ಭಾರ ಇಲ್ಲದ ಒಳಚಕ್ರ ಒಂದೇ ಸುಮ್ನೆ ಗಿರಕಿ ಹೊಡೆದು ಬಲವೆಲ್ಲ ಅಲ್ಲೇ ಖಾಲಿಯಾಗುತ್ತದೆ. ದುಡ್ಡಿದ್ದವರು ಅದಕ್ಕೆ ಬೇರೆ ಭಾಗ ತರಿಸಿ ಹಾಕಿಸುತ್ತಾರೆ. ದುಡ್ಡಿಲ್ಲದವರು ಒಳಗಿನ ಗೇರುಗಳನ್ನು ವೆಲ್ಡಿಂಗ್ ಮಾಡಿಸಿ ಎರಡೂ ಚಕ್ರ ಒಟ್ಟಿಗೇ ಸುತ್ತುವ ಹಾಗೆ ಮಾಡಿಕೊಳ್ಳುತ್ತಾರೆ. ನಾವು ಹೋದಾಗ ನಮ್ಮ ಮೆಕ್ಯಾನಿಕ್ ವೆಲ್ಡಿಂಗ್ ಹೋಲ್ಡರ್ ಕೈಯಲ್ಲಿ ಹಿಡಿದು, "ಅಣ್ಣಾ, ಒಂದ್ಸಲ ಮಾಡಿದ್ರೆ ಮುಗೀತು, ಆಮೇಲೆ ಬಿಡ್ಸಿ ಅಂತ ಬರ್ಬೇಡಿ" ಅಂದ. ಮಾಡಿಸಿದ ಮೇಲೆ ಆ ಕಾರನ್ನು ಗ್ಯಾರೇಜಿನಿಂದ ಆಚೆ ತಿರುಗಿಸುವುದೇ ಒಂದು ನಾಟಕ. ನಿಧಾನಕ್ಕೆ ತಿರುಗಿಸಿದರೆ ಹಿಂದಿನ ಟೈರುಗಳು ನೆಲಕ್ಕೆ ಉಜ್ಜಿಕೊಂಡು ಕೀಂ ಅನ್ನುತ್ತವೆ, ಇಡೀ ಗಾಡಿ ಟಕ್ ಟಕ್ ಅಂತ ಕುಪ್ಪಳಿಸುತ್ತದೆ, ಪಕ್ಕದ ಪಂಕ್ಚರ್ ಅಂಗಡಿಯವರು ಏನೋ ಮುರಿದೇ ಹೋಯಿತು ಅಂತ ಎದ್ದು ಬರುತ್ತಾರೆ. ಇಂಥ ಗಾಡಿ ರಸ್ತೆಗೆ ಇಳಿಯುವಂತೆಯೂ ಇಲ್ಲ, ಇಳಿಸಬಾರದು ಕೂಡ. ಹಾಗಾಗಿ ಪ್ರತಿ ಸಲ ಟೋಯಿಂಗ್ ಗಾಡಿ ಮೇಲೆ ಹೇರಿಕೊಂಡು ಬೇಲೂರು, ಹಾಸನ ದಾಟಿ ಬೆಂಗಳೂರು ಕಡೆಗೆ ಹೊರಡಬೇಕು. ಬಾಡಿಗೆ ಕೇಳಿದರೆ ಮನೆಯಲ್ಲಿ ಊಟ ಹಾಕುವುದಿಲ್ಲ.

ಸ್ಪರ್ಧೆಯಲ್ಲಿ ಏನು ನಡೆಯುತ್ತದೆ ಅಂತ ಹೇಳುತ್ತೇನೆ, ಯಾಕೆಂದರೆ ಇದು ಗೊತ್ತಿಲ್ಲದೇ ಜನ ಬೈಯುತ್ತಾರೆ. ಇಲ್ಲಿ ಮೊದಲು ಗೆರೆ ಮುಟ್ಟಿದವನು ಗೆಲ್ಲುವುದಿಲ್ಲ. ತೀರ್ಪುಗಾರರು ಅಂಕ ಕೊಡುತ್ತಾರೆ. ಅವರು ಮೊದಲೇ ಹೇಳಿದ ದಾರಿಯಲ್ಲಿ ಗಾಡಿ ಹೋಯಿತಾ, ಎಷ್ಟು ಅಡ್ಡ ತಿರುಗಿತ್ತು, ವೇಗ ಎಷ್ಟಿತ್ತು, ಒಂದು ತಿರುವಿನಿಂದ ಇನ್ನೊಂದಕ್ಕೆ ಹೊರಳಿದ್ದು ನಯವಾಗಿತ್ತಾ ಅಂತ ನೋಡುತ್ತಾರೆ. ಮೊದಲು ಒಬ್ಬೊಬ್ಬರೇ ಓಡಿಸುವ ಕ್ವಾಲಿಫೈಯಿಂಗ್, ಅಂದರೆ ಅರ್ಹತಾ ಸುತ್ತು. ಆಮೇಲೆ ಜೋಡಿ. ಒಬ್ಬ ಮುಂದೆ, ಒಬ್ಬ ಬೆನ್ನಟ್ಟುವವನು, ಮತ್ತೆ ಜಾಗ ಅದಲುಬದಲು. ಯಾರು ಮೇಲು ಅಂತ ಹೇಳಲು ಆಗದಿದ್ದರೆ ಇನ್ನೊಮ್ಮೆ ಓಡಿಸುತ್ತಾರೆ.

ನನ್ನ ಮೊದಲ ಕ್ವಾಲಿಫೈಯಿಂಗ್ ಮುಗಿದಾಗ ನನಗಂತೂ ಭಾರೀ ಖುಷಿ. ಗಾಡಿ ಸುತ್ತಿ ಹೋಗಿರಲಿಲ್ಲ, ಹೊಗೆ ಎದ್ದಿತ್ತು, ಬಂದಿದ್ದ ನೆಂಟರು ಶಿಳ್ಳೆ ಹೊಡೆದಿದ್ದರು. ಅಂಕ ನೋಡಿದರೆ ಕೆಳಗಿನಿಂದ ಎಣಿಸುವುದು ಸುಲಭ. ತೀರ್ಪುಗಾರರೊಬ್ಬರು ಕರೆದು ವಿವರಿಸಿದರು. ತಿರುವಿನ ಒಳಗಡೆ ಅವರೊಂದು ಕೋನ್ ಇಟ್ಟಿರುತ್ತಾರೆ, ಗಾಡಿಯ ಮೂತಿ ಅದರ ಹತ್ತಿರ, ಅಂದರೆ ಸವರಿಕೊಂಡು ಹೋಗುವಷ್ಟು ಹತ್ತಿರ, ಬರಬೇಕು. ನನ್ನದು ಒಂದು ಗಾಡಿ ಹೋಗುವಷ್ಟು ಜಾಗ ಬಿಟ್ಟು ಹೋಗಿತ್ತು. ಹೊಗೆಗೇನೂ ಪ್ರತ್ಯೇಕ ಅಂಕ ಇಲ್ಲಪ್ಪಾ ಅಂದರು. ಗಾಡಿ ಪೂರ್ತಿ ಸುತ್ತಿಹೋದರೆ ಆ ಓಟಕ್ಕೆ ಸೊನ್ನೆ. ಹೊಗೆ ನೋಡಿ ಚಪ್ಪಾಳೆ ಹೊಡೆಯುವ ಜನರ ಲೆಕ್ಕವೇ ಬೇರೆ, ಇವರ ಲೆಕ್ಕವೇ ಬೇರೆ.

ಜೋಡಿ ಓಟದ್ದು ಇನ್ನೊಂದು ಲೋಕ. ಬೆನ್ನಟ್ಟುವವನಾಗಿ ಹೊರಟಾಗ ಮುಂದಿನ ಗಾಡಿ ಅಡ್ಡ ತಿರುಗಿದ ಕೂಡಲೇ ಅದರ ಟೈರಿನ ಹೊಗೆ ನಿಮ್ಮ ಗಾಜಿನ ಮೇಲೆ ಬೀಳುತ್ತದೆ. ಬಿಳಿ ಬಿಟ್ಟು ಬೇರೇನೂ ಇಲ್ಲ. ಸುಟ್ಟ ರಬ್ಬರಿನ ವಾಸನೆ ಹೆಲ್ಮೆಟ್ ಒಳಗೇ ಬಂದು ಕೂರುತ್ತದೆ. ಒಂದೆರಡು ಕ್ಷಣ ಅವನ ಬಾಗಿಲಿನ ನಂಬರು ಕಾಣುತ್ತದೆ, ಮತ್ತೆ ಮಾಯ. ಅಷ್ಟರಲ್ಲೇ ಅವನು ಎಷ್ಟು ಅಡ್ಡ ಇದ್ದಾನೋ ನೀವೂ ಅಷ್ಟೇ ಅಡ್ಡ ಇರಬೇಕು, ಅವನ ಬಾಗಿಲಿಗೆ ಹತ್ತಿರ ಇರಬೇಕು, ಮುಟ್ಟಬಾರದು. ನಾನು ದೂರವೇ ಉಳಿದೆ, ಸೋತೆ. ನನ್ನ ಜೊತೆ ಓಡಿಸಿದವರು ವಯಸ್ಸಿನಲ್ಲಿ ದೊಡ್ಡವರು. ಆಮೇಲೆ ಬಂದು, "ಮಗಾ, ನನ್ನ ಗಾಡಿಗೆ ಗುದ್ದಿಲ್ಲವಲ್ಲ, ಅದೇ ಸಾಕು, ಬಾ ಟೀ ಕುಡಿಯೋಣ" ಅಂದರು.

ಮಿಕ್ಕಿದ್ದೆಲ್ಲ ಟೈರಿನ ಖರ್ಚು. ಮುಂದಕ್ಕೆ ಒಳ್ಳೆ ಟೈರು, ಹಿಂದಕ್ಕೆ ಊರಿನ ಟೈರ್ ಅಂಗಡಿಗಳಲ್ಲಿ ಜನ ಬಿಚ್ಚಿಸಿಟ್ಟು ಹೋದ ಹಳೇವು. ಅವೂ ಒಂದು ಮಧ್ಯಾಹ್ನದಲ್ಲಿ ಒಳಗಿನ ತಂತಿ ಕಾಣುವಷ್ಟು ಸವೆಯುತ್ತವೆ. ಇದನ್ನೆಲ್ಲ ನೋಡಿದ ಮೇಲೂ ಇದು ತೋಳುಬಲದ, ಹುಚ್ಚಾಟದ ವಿಷಯ ಅನ್ನುವವರು ಒಮ್ಮೆ ಬಂದು ನೋಡಲಿ. ಅಲ್ಲಿ ಹುಚ್ಚಾಟ ಆಡಿದವನನ್ನು ಆಯೋಜಕರೇ ಮನೆಗೆ ಕಳಿಸುತ್ತಾರೆ.

ಈಗ ಹಿರಿಯರ ಮಾತಿಗೆ ಬರುತ್ತೇನೆ. ಈ ಆಟಗಳನ್ನೆಲ್ಲ ಜಿಲ್ಲೆಯಿಂದ ಆಚೆ ಹಾಕಿಬಿಟ್ಟರೆ ಘಾಟಿ ರಸ್ತೆ ತಣ್ಣಗಾಗುತ್ತದೆ ಅನ್ನುವುದು ಅವರ ಲೆಕ್ಕ. ನನಗೆ ಹಾಗನ್ನಿಸುವುದಿಲ್ಲ. ಈ ಆಟ ಹುಟ್ಟಿದ ಜಪಾನಿನಲ್ಲೂ ಬೆಟ್ಟದ ತಿರುವು ರಸ್ತೆಗಳಲ್ಲಿ ರಾತ್ರಿ ಹೊತ್ತು ಹುಡುಗರು ಇದನ್ನೇ ಮಾಡುತ್ತಿದ್ದರು. 1970ರ ದಶಕದಲ್ಲಿ ಕುನಿಮಿತ್ಸು ತಕಾಹಾಶಿ ಅನ್ನುವ ರೇಸ್ ಚಾಲಕರು ರೇಸ್ ಟ್ರ್ಯಾಕಿನ ತಿರುವುಗಳಲ್ಲಿ ಕಾರು ಜಾರಿಸಿ ಹೆಸರು ಮಾಡಿದವರು, ಅವರನ್ನು ನೋಡಿ ಬೆಳೆದ ಕೆಯಿಚಿ ತ್ಸುಚಿಯಾಗೆ ಡ್ರಿಫ್ಟ್ ಕಿಂಗ್ ಅಂತಲೇ ಹೆಸರು. ಈ ತ್ಸುಚಿಯಾ ಬೆಟ್ಟದ ರಸ್ತೆಯಲ್ಲಿ ಓಡಿಸಿದ ವಿಡಿಯೊ 1987ರಲ್ಲಿ ಬಂದು, ಅದರಿಂದ ಅವರ ಲೈಸೆನ್ಸಿಗೇ ಕುತ್ತು ಬಂದಿತ್ತು. ಆ ಹೊತ್ತಿಗೆ ಪೊಲೀಸರು ಸುಮ್ಮನಿರಲಿಲ್ಲ, ಆದರೆ ಆಟ ದಂಡದಿಂದ ನಿಲ್ಲಲಿಲ್ಲ. ಫುಕುಶಿಮಾ ಕಡೆಯ ಎಬಿಸುವಿನಂಥ ಸರ್ಕಿಟ್‌ಗಳು ಬಾಗಿಲು ತೆರೆದವು, ಶುಲ್ಕ ಕೊಟ್ಟವರು ಬಂದು ಓಡಿಸತೊಡಗಿದರು. 2000ದಲ್ಲಿ ಡಿ1 ಗ್ರ್ಯಾನ್ ಪ್ರಿ ಅಂತ ಸ್ಪರ್ಧೆಯೇ ಶುರುವಾಯಿತು. ಅಮೆರಿಕದಲ್ಲಿ 2004ರಿಂದ ಫಾರ್ಮುಲಾ ಡ್ರಿಫ್ಟ್ ನಡೆಯುತ್ತಿದೆ. 2017ರಲ್ಲಿ ಮೋಟಾರ್ ಸ್ಪೋರ್ಟ್ಸ್‌ನ ಜಾಗತಿಕ ಸಂಸ್ಥೆ ಎಫ್ಐಎ ಟೋಕಿಯೊದಲ್ಲಿ ತನ್ನದೇ ಡ್ರಿಫ್ಟಿಂಗ್ ಕಪ್ ನಡೆಸಿತು. ಅಲ್ಲಿ ಬೆಟ್ಟದ ರಸ್ತೆಯಲ್ಲಿ ಈಗ ಯಾರೂ ಹಾರಾಡುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಹೋಗಬೇಕು ಅನ್ನಿಸಿದವನಿಗೆ ಹೋಗಲು ಒಂದು ಜಾಗ ಇದೆ, ಅಷ್ಟೇ.

ನಮಗೆ? ಕಾಯಂ ಸರ್ಕಿಟ್ ಅಂದರೆ ಚೆನ್ನೈ ಪಕ್ಕದ ಇರುಂಗಾಟ್ಟುಕೋಟೈ, ಇಲ್ಲವೇ ಕೊಯಮತ್ತೂರಿನ ಕರಿ ಸ್ಪೀಡ್‌ವೇ. ಕೊಪ್ಪದಿಂದಲೋ ಸಕಲೇಶಪುರದಿಂದಲೋ ಒಬ್ಬ ಹುಡುಗ ವಾರದ ರಜೆಗೆ ಅಲ್ಲಿಗೆ ಹೋಗಿ ಬರುವುದು ಆಗದ ಮಾತು. ಹಾಗಂತ ಇದು ಮೋಟಾರ್ ಸ್ಪೋರ್ಟ್ಸ್ ಗೊತ್ತಿಲ್ಲದ ಜಿಲ್ಲೆಯೂ ಅಲ್ಲ. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್‌ನ ಸುತ್ತುಗಳು ನಮ್ಮ ಕಾಫಿ ತೋಟದ ಮಣ್ಣು ರಸ್ತೆಗಳಲ್ಲೇ ನಡೆದಿವೆ. 2019ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ರ‍್ಯಾಲಿ ಚಾಲಕ ಗೌರವ್ ಗಿಲ್, ಈ ಕ್ಷೇತ್ರದಿಂದ ಆ ಪ್ರಶಸ್ತಿ ಪಡೆದ ಮೊದಲಿಗರು, ಇದೇ ಮಣ್ಣಿನಲ್ಲಿ ಗಾಡಿ ಓಡಿಸಿದವರು. ಹೊರಗಿನವರು ಬಂದು ಓಡಿಸಿ ಹೋಗುತ್ತಾರೆ, ನಾವು ಬೇಲಿ ಪಕ್ಕ ನಿಂತು ಮೊಬೈಲಿನಲ್ಲಿ ಹಿಡಿದುಕೊಳ್ಳುತ್ತೇವೆ, ಅವರು ಹೋದ ಮೇಲೆ ನಮ್ಮ ಹುಡುಗರು ಕೈಮರ ಚೆಕ್‌ಪೋಸ್ಟ್ ದಾಟಿ ಗಿರಿ ಹತ್ತುತ್ತಾರೆ. ಇಷ್ಟು ವರ್ಷದಿಂದ ಇದೇ ನಡೆದಿದೆ, ಅಲ್ವಾ?

ನಾನು ಕೇಳುತ್ತಿರುವುದು ಸರ್ಕಿಟ್ ಅಲ್ಲ. ಫುಟ್‌ಬಾಲ್ ಮೈದಾನದಷ್ಟು ಗಟ್ಟಿ ನೆಲ, ಟಾರೋ ಕಾಂಕ್ರೀಟೋ, ಸುತ್ತ ಮರ, ಕಂಬ, ಕಟ್ಟೆ ಇಲ್ಲದ್ದು. ನೀರಿನ ಟ್ಯಾಂಕರ್ ತರಿಸಿ ನೆಲ ಒದ್ದೆ ಮಾಡಿಕೊಂಡರೆ ಸೈಕಲ್‌ನವನು ಓಡಿಸುವ ವೇಗಕ್ಕಿಂತ ಸ್ವಲ್ಪ ಜಾಸ್ತಿಯಲ್ಲೇ ಗಾಡಿ ಜಾರುತ್ತದೆ, ಟೈರೂ ಉಳಿಯುತ್ತದೆ, ಕಿರುಚಾಟವೂ ಕಮ್ಮಿ. ತಿಂಗಳಿಗೆ ಒಂದು ಭಾನುವಾರ, ಬೆಳಗ್ಗೆಯಿಂದ ಸಂಜೆ ಒಳಗೆ. ಹೆಲ್ಮೆಟ್, ಬೆಂಕಿ ನಂದಿಸುವ ಸಿಲಿಂಡರ್, ಆಂಬುಲೆನ್ಸ್ ಇಲ್ಲದೆ ಎಂಜಿನ್ ಚಾಲೂ ಮಾಡುವಂತಿಲ್ಲ. ನೋಡಲು ಬಂದವರನ್ನು ತಿರುವಿನ ಹೊರಭಾಗದಲ್ಲಿ ನಿಲ್ಲಿಸಲೇಬಾರದು, ಗಾಡಿ ಕೈ ತಪ್ಪಿದರೆ ಬರುವುದೇ ಆ ಕಡೆಗೆ. ಖರ್ಚು ಬಂದವರದ್ದು. ಸರ್ಕಾರದ ಒಂದು ರೂಪಾಯಿ ಬೇಡ, ಒಪ್ಪಿಗೆ ಬೇಕು. ಕಾನೂನೇ ಹಾಗಿದೆ. ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ರೇಸ್ ಮಾಡುವುದು ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಅಪರಾಧ. ನಮ್ಮ ಕೆಲವು ಗೆಳೆಯರು ಅರ್ಜಿ ಹಿಡಿದು ಹೋದಾಗ ಒಂದು ಕಚೇರಿಯಲ್ಲಿ ಇನ್ನೊಂದು ಕಚೇರಿ ತೋರಿಸಿದರು, ಅಲ್ಲಿ ಮತ್ತೆ ಮೊದಲಿನದನ್ನೇ ತೋರಿಸಿದರು. ಬೇಡ ಅಂತಲೂ ಬರೆದು ಕೊಡಲಿಲ್ಲ.

ಪತ್ರ ಬರೆದ ಹಿರಿಯರ ಒಂದು ಮಾತನ್ನು ನಾನೂ ಒಪ್ಪುತ್ತೇನೆ. ಸದ್ದು. ಸೈಲೆನ್ಸರ್ ಕಿತ್ತು ಓಡಿಸುವವರನ್ನು ಕಂಡರೆ ನನಗೂ ಆಗುವುದಿಲ್ಲ. ಅಂಥವರನ್ನು ಅಂಗಳಕ್ಕೂ ಬಿಡಬಾರದು. ಜಾಗವೂ ಗಿರಿ ಕಡೆ, ಭದ್ರಾ ಕಾಡಿನ ಕಡೆ ಬೇಡವೇ ಬೇಡ. ಊರಿಗೆ ದೂರ, ಕಾಡಿಗೂ ದೂರ, ಕಡೂರು ರಸ್ತೆ ಕಡೆಯೋ ಹಾಸನದ ಕೈಗಾರಿಕಾ ಪ್ರದೇಶದಲ್ಲೋ ಭಾನುವಾರ ಖಾಲಿ ಬೀಳುವ ಅಂಗಳ ಸಿಕ್ಕರೆ ಸಾಕು. ಲಾರಿ ನಿಲ್ಲಿಸುವ ಯಾರ್ಡ್ ಆದರೂ ಆದೀತು. ತೋಟದ ಮಾಲೀಕರಲ್ಲಿ ಕೇಳಬಹುದಲ್ಲ ಅಂತ ಒಬ್ಬರು ಸಲಹೆ ಕೊಟ್ಟರು. ಕಾಫಿ ಕಣದ ಮೇಲೆ ಕಾರು ಅಡ್ಡ ತಿರುಗಿಸುತ್ತೇವೆ ಅಂತ ಯಾವ ಸಾಹುಕಾರರ ಮುಂದೆ ಹೋಗಿ ನಿಂತುಕೊಳ್ಳಲಿ?

ನಿಮ್ಮ ಓದುಗರಲ್ಲಿ ಯಾರಿಗಾದರೂ ಅಂಥ ಅಂಗಳ ಇದ್ದರೆ, ಬಾಡಿಗೆ ತಗೊಂಡೇ ಕೊಡಲಿ, ಷರತ್ತು ಎಷ್ಟು ಬೇಕಾದರೂ ಹಾಕಲಿ. ಜಿಲ್ಲಾಡಳಿತದವರು ಈ ಪತ್ರ ಓದಿದರೆ ಅರ್ಜಿ ಯಾವ ಟೇಬಲ್ಲಿಗೆ ಕೊಡಬೇಕು ಅಂತ ಒಂದು ಸಾಲಿನಲ್ಲಿ ತಿಳಿಸಲಿ, ಉಳಿದ ಓಡಾಟ ನಮ್ಮದು. ವಿರೋಧಿಸಿ ಬರೆದ ಹಿರಿಯರೂ ಬೇಕಾದರೆ ಮೊದಲ ಭಾನುವಾರ ಬಂದು ಕುರ್ಚಿ ಹಾಕಿ ಕೂರಲಿ, ತಿರುವಿನ ಒಳಭಾಗದಲ್ಲಿ. ಸದ್ದು ಜಾಸ್ತಿ ಅನ್ನಿಸಿದರೆ ಅಲ್ಲೇ ಹೇಳಲಿ, ಆಫ್ ಮಾಡುತ್ತೇವೆ.

ಇತಿ,
ನಿಮ್ಮ ಓದುಗ,
ಆಲ್ದೂರು, ಚಿಕ್ಕಮಗಳೂರು ಜಿಲ್ಲೆ