ಯಾವೂರು, ಯಾರ ಪೈಕಿ ಅಂತ ನಂಬರ್‌ಗಳನ್ನೂ ಕೇಳು

ಪುಟ್ಟಾ,

ಅಣ್ಣ ಫೋನ್ ಮಾಡಿ ನಿಂಗೆ ಅಮೆರಿಕಾದ ವುಡ್ಸ್ ಹೋಲಲ್ಲಿ ನಡೆಯೋ, ಮೆದುಳನ್ನ ಗಣಿತದ ಮಾಡೆಲ್ಲಲ್ಲಿ ಓದೋ ಬೇಸಿಗೆ ಕೋರ್ಸಲ್ಲಿ ಸೀಟ್ ಸಿಕ್ತು ಅಂದಾಗ ಒಲೆ ಮೇಲೆ ಹಾಲಿಟ್ಟಿದ್ದೇ ಮರ್ತೋಯ್ತು, ಪಾತ್ರೆ ಉಜ್ಜೋಕೆ ಅರ್ಧ ಗಂಟೆ ಹಿಡೀತು, ಆದ್ರೂ ಬೇಜಾರಾಗ್ಲಿಲ್ಲ ಬಿಡು. ಆಮೇಲೆ ನಿನ್ ಮೆಸೇಜ್ ಬಂತು, ಅತ್ತೆ ಇನ್ನು ಆರು ವಾರ ಇದೆ ಏನ್ ಓದ್ಲಿ ಅಂತ, ಜೊತೆಗೆ ನಲವತ್ತು ಪೇಪರ್‌ದು ಒಂದು ಲಿಸ್ಟು. ಫೋನಲ್ಲಿ ಹೇಳೋಕೆ ಹೋದ್ರೆ ನೀನು ಹ್ಞೂಂ ಹ್ಞೂಂ ಅಂತೀಯ, ಅದಕ್ಕೆ ಕೂತ್ಕೊಂಡು ಟೈಪ್ ಮಾಡ್ತಿದೀನಿ, ತಪ್ಪಿದ್ರೆ ಸರಿ ಮಾಡ್ಕೊಂಡು ಓದ್ಕೋ.

ಮೊದಲು ನನ್ ಕಥೆ, ಅವಮಾನದ ಕಥೆ, ನಿಮ್ಮಪ್ಪಂಗೂ ಹೇಳಿಲ್ಲ. ತೊಂಬತ್ತರ ದಶಕದಲ್ಲಿ ನಾನೂ ಹಿಂಗೇ ಒಂದು ಸಮ್ಮರ್ ಸ್ಕೂಲಿಗೆ ಯೂರೋಪಿಗೆ ಹೋಗಿದ್ದೆ, ಮೂರು ವಾರ. ಫಿಸಿಕ್ಸ್‌ನವರು, ಮ್ಯಾಥ್ಸ್‌ನವರು, ಇಲಿ ಮೆದುಳಿಗೆ ಎಲೆಕ್ಟ್ರೋಡ್ ಇಡೋರು, ಎಲ್ಲಾ ಒಂದೇ ಕ್ಲಾಸಲ್ಲಿ. ನಾನು ಊಟಕ್ಕೂ ಫಿಸಿಕ್ಸ್‌ನವರ ಟೇಬಲ್ ಬಿಟ್ಟು ಏಳ್ಲಿಲ್ಲ. ಕೊನೇ ವಾರ ಪೋಸ್ಟರ್ ಹಾಕ್ದಾಗ ಒಬ್ರು ವಯಸ್ಸಾದೋರು ಬಂದು ನನ್ ಮಾಡೆಲ್ ಎಲ್ಲಾ ಸಮಾಧಾನವಾಗಿ ನೋಡಿ, ಮೆಂಬ್ರೇನ್ ಟೈಮ್ ಕಾನ್ಸ್ಟಂಟ್ (ನರಕೋಶದ ವೋಲ್ಟೇಜ್ ಎಷ್ಟು ಬೇಗ ಬದಲಾಗುತ್ತೆ ಅನ್ನೋ ಅಳತೆ) 10 ಮಿಲಿಸೆಕೆಂಡ್ ಅಂತ ಹಾಕಿದೀರಲ್ಲ, ಯಾವ ಸೆಲ್‌ದು, ಯಾವ ಟೆಂಪರೇಚರಲ್ಲಿ ಅಳೆದಿದ್ದು ಅಂತ ಕೇಳಿದ್ರು. ಎಲ್ರೂ ಅದನ್ನೇ ಹಾಕ್ತಾರೆ ಅಂದೆ. ಅವ್ರು ಏನೂ ಅನ್ಲಿಲ್ಲ, ನಕ್ಕು ಪಕ್ಕದ ಪೋಸ್ಟರಿಗೆ ಹೋದ್ರು. ಆ ನಗು ಇದ್ಯಲ್ಲ, ಇವತ್ತಿಗೂ ಚುಚ್ಚುತ್ತೆ ಕಣೋ.

ನಿನ್ ಅಜ್ಜಿ ನೆನಪಿದ್ಯಾ, ಮನೆಗೆ ಯಾರೇ ಬರ್ಲಿ, ಚೊಂಬಲ್ಲಿ ನೀರು ಕೊಡೋದಕ್ಕೆ ಮುಂಚೆನೇ ಯಾವೂರಪ್ಪಾ, ಯಾರ ಪೈಕಿ ಅಂತ ಶುರು ಮಾಡ್ತಿದ್ರು. ನಂಗೆ ನಾಚಿಕೆ ಆಗ್ತಿತ್ತು ಆವಾಗ. ಈಗ ನಿಂಗೆ ನಾನು ಹೇಳೋದೂ ಅದೇ, ಅಲ್ಲಿ ಬೋರ್ಡ್ ಮೇಲೆ ಬರೋ ಒಂದೊಂದು ನಂಬರಿಗೂ ಹಂಗೇ ಕೇಳು.

ನೀನು ಹೋಗೋ ಊರಿಂದಾನೇ ಶುರು ಮಾಡು. ಹಾಡ್ಜ್‌ಕಿನ್-ಹಕ್ಸ್‌ಲಿ ಈಕ್ವೇಶನ್ (ನರದಲ್ಲಿ ವಿದ್ಯುತ್ ಸಿಗ್ನಲ್ ಹೇಗೆ ಹುಟ್ಟಿ ಹರಿಯುತ್ತೆ ಅನ್ನೋ ಲೆಕ್ಕ) ನೀನು ಪೈಥಾನಲ್ಲಿ ಹತ್ತು ನಿಮಿಷಕ್ಕೆ ಬರೀತೀಯ ಗೊತ್ತು. ಆ ಕೋಡಲ್ಲಿ 6.3 ಅಂತ ಒಂದು ನಂಬರ್ ಇರುತ್ತೆ, ನೋಡಿದೀಯಾ? ಅದು ಸೆಲ್ಸಿಯಸ್ ಡಿಗ್ರಿ. ಇಂಗ್ಲೆಂಡಿನ ಪ್ಲಿಮತ್ತಲ್ಲಿ ಸ್ಕ್ವಿಡ್ ಅನ್ನೋ ಪ್ರಾಣಿ (ಮಂಗಳೂರ ಕಡೆ ಬೊಂಡಾಸ್ ಅಂತಾರಲ್ಲ ಅದೇ) ಅದರ ದಪ್ಪ ಆಕ್ಸಾನ್, ಅಂದ್ರೆ ನರದ ಎಳೆ, ತೆಗೆದು ತಣ್ಣಗಿಟ್ಟು ಅಳೆದಿದ್ದು, ದಪ್ಪ ಅಂದ್ರೆ ಅರ್ಧ ಮಿಲಿಮೀಟರಿಂದ ಒಂದು ಮಿಲಿಮೀಟರ್, ಬರೀ ಕಣ್ಣಿಗೇ ಕಾಣುತ್ತೆ, ಒಳಗೆ ತಂತಿ ತೂರಿಸ್ಬಹುದು. ಹಾಡ್ಜ್‌ಕಿನ್ 1938ರಲ್ಲಿ ಇದೇ ವುಡ್ಸ್ ಹೋಲಿಗೆ ಬಂದಿದ್ರು, ಕೆನೆತ್ ಕೋಲ್ ಅಲ್ಲಿ ಸ್ಕ್ವಿಡ್ ಆಕ್ಸಾನ್ ಮೇಲೆ ಕೆಲಸ ಮಾಡ್ತಿದ್ರು, ವೋಲ್ಟೇಜನ್ನ ಒಂದೇ ಮಟ್ಟಕ್ಕೆ ಹಿಡಿದಿಟ್ಟು ಕರೆಂಟ್ ಅಳೆಯೋ ವೋಲ್ಟೇಜ್ ಕ್ಲಾಂಪ್ ಅನ್ನೋ ಉಪಾಯದ ಮೂಲಾನೂ ಕೋಲ್ ಅವರದ್ದೇ. ಆಮೇಲೆ 1952ರಲ್ಲಿ ಪೇಪರ್‌ಗಳು, 1963ರಲ್ಲಿ ನೊಬೆಲ್. ಇದೆಲ್ಲಾ ವಿಕಿಪೀಡಿಯಾದಲ್ಲೂ ಸಿಗುತ್ತೆ ಬಿಡು. ನಂಗೆ ತುಂಬಾ ಇಷ್ಟ ಆಗೋದು ಆ ಈಕ್ವೇಶನ್ನಿನ ಪೊಟ್ಯಾಶಿಯಂ ಟರ್ಮ್ (ಪೊಟ್ಯಾಶಿಯಂ ಎಷ್ಟು ಸುಲಭವಾಗಿ ಹರಿಯುತ್ತೆ ಅನ್ನೋ ಭಾಗ), n ಪವರ್ 4 ಅಂತಾರಲ್ಲ, ಎನ್‌ನ ನಾಲ್ಕು ಸಲ ಗುಣಿಸೋದು. ನಾಲ್ಕೇ ಯಾಕೆ? ಐದೋ ಆರೋ ಹಾಕಿದ್ರೆ ಇನ್ನೂ ಚೆನ್ನಾಗಿ ಹೊಂದ್ತಿತ್ತು, ಆದ್ರೆ ಅಷ್ಟು ತಲೆನೋವು ಬೇಡ ಅನ್ಸ್ತು ಅನ್ನೋ ಅರ್ಥ ಬರೋ ಹಂಗೆ ಅವರೇ ಪೇಪರಲ್ಲಿ ಬರ್ದಿದಾರೆ. ಆವಾಗ ನೋಡು ಕೇಂಬ್ರಿಡ್ಜಲ್ಲಿ ಕಂಪ್ಯೂಟರ್ ಬದಲಾವಣೆಗೆ ಅಂತ ತಿಂಗಳುಗಟ್ಲೆ ನಿಂತಿತ್ತು, ಹಕ್ಸ್‌ಲಿ ಪಾಪ ಹ್ಯಾಂಡಲ್ ತಿರುಗ್ಸೋ ಕ್ಯಾಲ್ಕುಲೇಟರಲ್ಲಿ ವಾರಗಟ್ಲೆ ಲೆಕ್ಕ ಹಾಕಿದ್ರು. ಆಮೇಲೆ ನೋಡಿದ್ರೆ ಪೊಟ್ಯಾಶಿಯಂ ಚಾನಲ್, ಅಂದ್ರೆ ಪೊಟ್ಯಾಶಿಯಂ ಹಾದುಹೋಗೋ ಬಾಗಿಲು, ನಿಜವಾಗ್ಲೂ ನಾಲ್ಕು ತುಂಡು ಸೇರಿ ಆಗಿರೋದು! ಅದೃಷ್ಟ ಅನ್ನು, ಏನಾದ್ರೂ ಅನ್ನು. ಆದ್ರೆ ಕ್ಲಾಸಲ್ಲಿ ಇದನ್ನ ದೇವರು ಕೊಟ್ಟ ವರದ ಥರ ಬರೆದು ಮುಂದೆ ಹೋಗ್ತಾರೆ, ಕೈ ನೋವಿನ ಕಥೆ ಯಾರೂ ಹೇಳಲ್ಲ.

ಮನುಷ್ಯನ ಮೆದುಳಲ್ಲಿ ಎಷ್ಟು ನ್ಯೂರಾನ್ (ನರಕೋಶ) ಅಂದ್ರೆ ಮೊದ್ಲು ಎಲ್ರೂ 10,000 ಕೋಟಿ ಅಂತಿದ್ರು, ನಾನೂ ಸ್ಟೂಡೆಂಟ್ಸಿಗೆ ಹಂಗೇ ಹೇಳಿದೀನಿ ವರ್ಷಾನುಗಟ್ಲೆ. 2009ರಲ್ಲಿ ಬ್ರೆಜಿಲ್‌ನವರು ಮೆದುಳನ್ನ ಕಲಕಿ ಸಾರಿನ ಥರ ಮಾಡಿ ಅದರಲ್ಲಿನ ನ್ಯೂಕ್ಲಿಯಸ್ (ಒಂದು ಕೋಶಕ್ಕೆ ಒಂದು) ಎಣಿಸಿದ್ರು, 8,600 ಕೋಟಿ ಬಂತು. ಎಷ್ಟು ಜನರ ಮೆದುಳು? ನಾಲ್ಕು, ನಾಲ್ಕೂ ಗಂಡಸರದ್ದೇ. ಆ 8,600 ಈಗ ಎಲ್ಲಾ ಸ್ಲೈಡಲ್ಲೂ ಇದೆ, ನಾಲ್ಕು ಅನ್ನೋದು ಎಲ್ಲೂ ಇರಲ್ಲ.

ಕಾಂಪ್ಲೆಕ್ಸ್ ಸಿಸ್ಟಮ್ಸ್ (ಸಣ್ಣ ಸಣ್ಣ ಭಾಗ ಸೇರಿ ದೊಡ್ಡ ವರ್ತನೆ ಹುಟ್ಟೋ ವ್ಯವಸ್ಥೆಗಳು) ವಿಷಯಕ್ಕೆ ಬಂದ್ರೆ ನಂದೇ ಕ್ಷೇತ್ರ ಅದು, ಸ್ವಲ್ಪ ಜಾಸ್ತಿ ಕೊರೀತೀನಿ ತಡ್ಕೋ. 1987ರಲ್ಲಿ ಬಾಕ್, ಟಾಂಗ್, ವೀಸೆನ್‌ಫೆಲ್ಡ್ ಮರಳುಗುಡ್ಡೆ ಮಾಡೆಲ್ ಬರೆದ್ರು, ಒಂದೊಂದೇ ಕಾಳು ಹಾಕ್ತಾ ಹೋದ್ರೆ ಗುಡ್ಡೆ ತನ್ನಷ್ಟಕ್ಕೆ ತಾನೇ ಅಂಚಿಗೆ ಬಂದು ನಿಲ್ಲುತ್ತೆ, ಆಮೇಲೆ ಸಣ್ಣ ಕುಸಿತ ದೊಡ್ಡ ಕುಸಿತ ಎಲ್ಲಾ ಒಂದೇ ಪವರ್ ಲಾ (ಗಾತ್ರ ದೊಡ್ಡದಾದಷ್ಟೂ ಒಂದು ಘಾತದ ಲೆಕ್ಕದಲ್ಲಿ ಅಪರೂಪ ಆಗೋದು) ಪ್ರಕಾರ ಆಗುತ್ತೆ ಅಂತ. ನಮ್ಮ ದೇಶದ ಫಿಸಿಕ್ಸ್‌ನವರು ದೀಪಕ್ ಧರ್ 1990ರಲ್ಲಿ ಅದರ ಗಣಿತ ಎಷ್ಟು ಚೆಂದ ಬಿಡಿಸಿದ್ರು ಅಂದ್ರೆ ನಾವೆಲ್ಲಾ ಹುಚ್ಚರ ಥರ ಅದರ ಹಿಂದೆ ಬಿದ್ವಿ. ಆದ್ರೆ ನಿಜವಾದ ಮರಳು ಹಂಗೆ ನಡ್ಕೊಳಲ್ಲಪ್ಪಾ. 1996ರಲ್ಲಿ ನಾರ್ವೆಯವರು ಮರಳು ಬಿಟ್ಟು ಅಕ್ಕಿ ತಗೊಂಡ್ರು, ಉದ್ದ ಅಕ್ಕಿ ಗುಡ್ಡೆ ಮಾಡೆಲ್ ಹೇಳ್ದಂಗೆ ಕುಸೀತು, ಗುಂಡು ಅಕ್ಕಿ ಕುಸೀಲಿಲ್ಲ! ಬಾಸುಮತಿಗೆ ಒಂದು ನ್ಯಾಯ, ದಪ್ಪಕ್ಕಿಗೆ ಒಂದು ನ್ಯಾಯ. ಈಗ ನ್ಯೂರೋಸೈನ್ಸಿಗೆ ಬಾ, 2003ರಲ್ಲಿ ಬೆಗ್ಸ್ ಮತ್ತೆ ಪ್ಲೆಂಜ್ ಇಲಿ ಕಾರ್ಟೆಕ್ಸ್ (ಮೆದುಳಿನ ಹೊರಪದರ) ತುಣುಕನ್ನ 60 ಎಲೆಕ್ಟ್ರೋಡ್ ಮೇಲಿಟ್ಟು ನ್ಯೂರಾನ್‌ಗಳ ಚಟುವಟಿಕೇನೂ ಹಿಂಗೇ ಕುಸಿತದ ಥರ ಹಬ್ಬುತ್ತೆ, ಆ ಪವರ್ ಲಾದ ಘಾತ, ಎಕ್ಸ್‌ಪೊನೆಂಟ್, ಮೈನಸ್ 1.5 ಅಂದ್ರು. ಒಳ್ಳೇ ಕೆಲಸ, ಆ ಪೇಪರ್ ಪೂರ್ತಿ ಓದು. ಅದರಲ್ಲೇ ಇದೆ, ಟೈಮ್ ಬಿನ್ (ಎಣಿಸೋಕೆ ಅಂತ ಸಮಯ ಕತ್ತರಿಸೋ ತುಂಡು) ಅಗಲ ಬದಲಾಯಿಸಿದ್ರೆ ಎಕ್ಸ್‌ಪೊನೆಂಟೂ ಬದಲಾಗುತ್ತೆ ಅಂತ. ಇಷ್ಟು ತಿಳ್ಕೊಳ್ದೆ ಮೆದುಳು ಆ ಗುಡ್ಡೆ ಥರಾನೇ ಅಂಚಲ್ಲಿ, ಕ್ರಿಟಿಕಲ್ ಪಾಯಿಂಟಲ್ಲಿದೆ ಅಂತ ಕುಣಿಯೋರು ಅಲ್ಲಿ ನಿಂಗೆ ಸಿಗ್ತಾರೆ, ಅದರಲ್ಲೂ ನಮ್ಮ ಫಿಸಿಕ್ಸ್‌ನವರೇ ಜಾಸ್ತಿ. ಪವರ್ ಲಾ ನೇರ ಗೆರೆಯಾಗಿ ಕಾಣೋ ಲಾಗ್-ಲಾಗ್ ಗ್ರಾಫಲ್ಲಿ ದಪ್ಪ ಪೆನ್ನು ಹಿಡಿದ್ರೆ ನಮ್ಮನೆ ಕರೆಂಟ್ ಬಿಲ್ಲೂ ನೇರ ಗೆರೆ ಆಗುತ್ತೆ.

ನೆನಪು ಹೇಗೆ ಉಳಿಯುತ್ತೆ ಅನ್ನೋದಕ್ಕೆ ಮಾಡಿದ ಹಾಪ್‌ಫೀಲ್ಡ್ ನೆಟ್‌ವರ್ಕ್ ಅನ್ನೋ ಮಾಡೆಲ್ ಬಗ್ಗೆ ನಿಂಗೇ ಚೆನ್ನಾಗಿ ಗೊತ್ತು, 2024ರ ನೊಬೆಲ್ ಆದ್ಮೇಲಂತೂ ಎಲ್ರ ಬಾಯಲ್ಲೂ ಅದೇ. N ನ್ಯೂರಾನಿಗೆ ಹೆಚ್ಚೂಕಮ್ಮಿ 0.14N ನೆನಪು ಅನ್ನೋದು ನೆನಪುಗಳು ಒಂದಕ್ಕೊಂದು ಸಂಬಂಧ ಇಲ್ದೆ ಲಾಟರಿ ಎತ್ತಿದ ಹಂಗೆ ಇದ್ರೆ ಮಾತ್ರ. ನಮ್ ನೆನಪುಗಳು ಹಂಗಿರ್ತಾವಾ? ಅಜ್ಜಿ ಅಂದ ತಕ್ಷಣ ನಂಗೆ ಚೊಂಬು ನೆನಪಾಯ್ತು.

ಇನ್ನೊಂದು, ಇದು ಅಡಿಗೆ ಮನೆ ವಿಷಯ. ಈವ್ ಮಾರ್ಡರ್ ಅಂತ ಒಬ್ರು ಏಡಿ, ಲಾಬ್‌ಸ್ಟರ್ ಹೊಟ್ಟೆಯ ಸಣ್ಣ ನರಗಂಟಿನ ಮೇಲೆ ಜೀವಮಾನ ಕಳೆದಿದಾರೆ, ಮೂವತ್ತರ ಆಸುಪಾಸು ನ್ಯೂರಾನ್ ಅಷ್ಟೇ ಅದರಲ್ಲಿ. 2004ರಲ್ಲಿ ಅವರ ಲ್ಯಾಬಿನವರು ಆ ಸರ್ಕ್ಯೂಟಿನ 2 ಕೋಟಿ ಮಾಡೆಲ್ ಓಡಿಸಿ ನೋಡಿದ್ರೆ ನಾಲ್ಕೂವರೆ ಲಕ್ಷದಷ್ಟು ಬೇರೆ ಬೇರೆ ಅಳತೆಗಳು ಲಾಬ್‌ಸ್ಟರಿನ ಲಯಾನೇ ಕೊಟ್ವು. ನಿಮ್ಮಮ್ಮನ ಸಾರಿಗೂ ನನ್ ಸಾರಿಗೂ ಹುಳಿ, ಖಾರ, ಬೆಲ್ಲ ಯಾವುದೂ ತಾಳೆ ಆಗಲ್ಲ, ತಿಂದ್ರೆ ಎರಡೂ ಸಾರೇ. ಇಬ್ಬರ ಅಳತೇನೂ ಕೂಡಿ ಎರಡರಿಂದ ಭಾಗ್ಸಿ ಮಾಡಿದ್ರೆ ಬಾಯಿಗಿಡೋ ಹಂಗಿರುತ್ತೆ ಅಂತ ಗ್ಯಾರಂಟಿ ಏನೂ ಇಲ್ಲ. ಬೇರೆ ಬೇರೆ ಪ್ರಾಣಿಯ ಸೆಲ್‌ಗಳಿಂದ ಅಳೆದಿದ್ದನ್ನ ಆವರೇಜ್ ಮಾಡಿ ಮಾಡೆಲ್‌ಗೆ ಸುರಿಯೋರಿಗೆ ಇದೇ ಆಗೋದು, ಆ ಆವರೇಜ್ ನ್ಯೂರಾನ್ ಯಾವ ಏಡಿಯಲ್ಲೂ ಇರಲ್ಲ.

ಅಲ್ಲಿ ಹೋದ್ಮೇಲೆ ಪ್ರಾಜೆಕ್ಟ್ ಆರಿಸ್ವಾಗ ನಿನ್ ಥೀಸಿಸ್‌ನೇ ಮುಂದುವರ್ಸೋಕೆ ಹೋಗ್ಬೇಡ, ಅದನ್ನ ನಿನ್ ರೂಮಲ್ಲೇ ಮಾಡ್ಬಹುದು. ಕೈಯಲ್ಲಿ ಡೇಟಾ ಹಿಡ್ಕೊಂಡು ಬಂದಿರೋ ಬಯಾಲಜಿಯವರ ಜೊತೆ ಸೇರ್ಕೋ, ಅವರಿಗೆ ಐಗನ್‌ವ್ಯಾಲ್ಯೂ ಥರದ ಗಣಿತ ಹೇಳ್ಕೊಡು, ಎಲೆಕ್ಟ್ರೋಡ್ ಯಾವಾಗ ಸುಳ್ಳು ಹೇಳುತ್ತೆ ಅಂತ ಅವರಿಂದ ಕಲ್ತ್ಕೋ. ಊಟದ ಟೇಬಲ್ ದಿನಾ ಬದಲಾಯಿಸು, ನನ್ ಥರ ಮಾಡ್ಬೇಡ. ನಿದ್ದೆ ಕೆಡ್ಸ್ಕೊಂಡು ಕೂತಿರೋರನ್ನ ನೋಡಿ ನೀನೂ ಕೂರ್ಬೇಕು ಅಂತೇನಿಲ್ಲ, ನಿಂಗೆ ನಿದ್ದೆ ಇಲ್ದಿದ್ರೆ ತಲೆನೋವು ಬರುತ್ತೆ.

ಅಮೆರಿಕಾದಲ್ಲೇ ಇದೆಲ್ಲಾ ಅಂತ ಅಂದ್ಕೋಬೇಡ ಮತ್ತೆ. ಆ ಕೋರ್ಸನ್ನ 1988ರಲ್ಲಿ ಶುರು ಮಾಡಿದ ಇಬ್ಬರಲ್ಲಿ ಜೇಮ್ಸ್ ಬೋವರ್ ಒಬ್ರು, ಇನ್ನೊಬ್ರು ಕ್ರಿಸ್ಟಾಫ್ ಕಾಖ್. ಬೋವರ್ ಹತ್ರ ಓದಿ, ನ್ಯೂರಾನ್ ಮಾಡೆಲ್ ಓಡಿಸೋ ಜೆನೆಸಿಸ್ ಅನ್ನೋ ಸಿಮ್ಯುಲೇಟರ್ ಬರೆದವರಲ್ಲಿ ಒಬ್ಬರಾಗಿದ್ದ ಉಪಿಂದರ್ ಭಲ್ಲಾ ನಮ್ಮ ಬೆಂಗಳೂರಿನ ಬಯಾಲಜಿ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ಗೆ ಬಂದು ಲ್ಯಾಬ್ ಕಟ್ಟಿದ್ರು. ಅಲ್ಲೂ ನೆನಪು ಮತ್ತೆ ಪ್ಲಾಸ್ಟಿಸಿಟಿ (ನರಕೋಶಗಳ ನಂಟು ಬದಲಾಗೋದು) ಬಗ್ಗೆ ಕ್ಯಾಂಪ್ ಅಂತ ಇಂಥದ್ದೇ ಕೋರ್ಸ್ ನಡೆಸಿದಾರೆ. ಅಪ್ಲೈ ಮಾಡೋ ಅಂದಿದ್ದೆ ಆವಾಗ, ಎನ್‌ಸಿಬಿಎಸ್ ಇರೋ ಜಿಕೆವಿಕೆ ತುಂಬಾ ದೂರ ಅತ್ತೆ ಅಂದೆ ನೀನು. ಬಸವನಗುಡಿಯಿಂದ ಜಿಕೆವಿಕೆ ದೂರ ಆದವನಿಗೆ ವುಡ್ಸ್ ಹೋಲ್ ಇರೋ ಕೇಪ್ ಕಾಡ್ ಹತ್ರ ಆಯ್ತು ನೋಡು.

ಬಾಸ್ಟನ್ನಿಂದ ಬಸ್ಸಿದೆ, ಮುಂಚೆನೇ ಬುಕ್ ಮಾಡು. ಆಗಸ್ಟಲ್ಲಿ ಬೀಚಿಗೆ ಹೋಗೋರ ಗಲಾಟೆ ಇರುತ್ತೆ ಆ ಕಡೆ. ಚಟ್ನಿಪುಡಿ ಮುಗಿದಿದ್ರೆ ಹೇಳು, ನಮ್ ಪಕ್ಕದ ಮನೆಯವರ ಮಗಳು ಮುಂದಿನ ತಿಂಗಳು ಬರ್ತಾಳೆ, ಕಳಿಸ್ತೀನಿ. ಸ್ಕ್ವಿಡ್ ಯಾರಾದ್ರೂ ತೋರಿಸಿದ್ರೆ ಆ ಆಕ್ಸಾನ್ ನಿನ್ ಕಣ್ಣಲ್ಲಿ ನೋಡು, ಫೋಟೋ ಕಳ್ಸು, ನಾನು ಮೂವತ್ತು ವರ್ಷ ಅದರ ಈಕ್ವೇಶನ್ ಪಾಠ ಮಾಡ್ದೆ, ಒಂದ್ಸಲಾನೂ ನೋಡಿಲ್ಲ.

ಮತ್ತೆ ಆ ನಲವತ್ತು ಪೇಪರಲ್ಲಿ 1952ರದ್ದು ಒಂದನ್ನ ಇಟ್ಕೋ, ಮಿಕ್ಕಿದ್ದೆಲ್ಲಾ ನಂಗೆ ಫಾರ್ವರ್ಡ್ ಮಾಡು. ರಿಟೈರ್ ಆದ್ಮೇಲೆ ಮಧ್ಯಾಹ್ನ ಹೊತ್ತೇ ಹೋಗಲ್ಲ ನಂಗೆ.

ಇಂತಿ ನಿನ್ನ
ಅತ್ತೆ